ಸತ್ಯಾಂಶ: ಕಾರಿನಡಿ ಆಯಿಲ್ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತಲ್ಲ

‘ಕಾರಿನ ಕೆಳಗೆ ಆಯಿಲ್ ಕಲೆ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಗಾಬರಿ ಬೇಡ. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ ಒಳಗೆ, ಬ್ಲಾಕ್ ಮತ್ತು ಹೆಡ್ ಎಂಬ ಎರಡು ಮುಖ್ಯ ಭಾಗಗಳ ನಡುವೆ ಕೂರುವ ಸೀಲ್. ಎಷ್ಟೋ ಸಲ ಸೋರುವುದು ಎಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್ ಅಂಚಿನ ಪ್ಯಾಕಿಂಗ್ (ರಬ್ಬರ್ ಸೀಲ್). ವರ್ಷಗಟ್ಟಲೆ ಬಿಸಿ ತಿಂದು ರಬ್ಬರ್ ಗಟ್ಟಿಯಾಗುತ್ತದೆ, ಆಯಿಲ್ ಅಂಚಿನಿಂದ ಜಿನುಗಿ ಕೆಳಗಿಳಿಯುತ್ತದೆ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಬೇಕಿಲ್ಲ, ಅಲ್ವಾ? ಎಂಜಿನ್ ತಣ್ಣಗಿರುವಾಗ ಚೆನ್ನಾಗಿ ಒರೆಸಿ. ಒಂದೆರಡು ದಿನ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ನೋಡುತ್ತಾ ಬನ್ನಿ. ಒದ್ದೆ ಶುರುವಾದ ಕಡೆಯೇ ಕಳ್ಳ. ಕವರ್‌ದೇ ಆದರೆ ಪ್ಯಾಕಿಂಗ್ ಬದಲಿಸಿದರೆ ಸಾಕು. ಸುಮ್ನೆ ಬೋಲ್ಟ್ ಜಾಸ್ತಿ ಬಿಗಿದರೆ ಕವರ್ ಸೊಟ್ಟಗಾಗಬಹುದು.

ಹೆಡ್ ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಲಕ್ಷಣವೇ ಬೇರೆ: ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಾ ಹೋಗುತ್ತದೆ, ಎಂಜಿನ್ ಹೀಟ್ ಆಗುತ್ತದೆ, ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಹಾಲು ಬೆರೆಸಿದ ಕಾಫಿ ಬಣ್ಣ. ಆಗ ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ.