ಡಿಸೆಂಬರ್ ಕತ್ತಲಿಗೂ ಒಂದು ದಾಸ್ತಾನು ಬೇಕು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಗಂಡನ ಕೆಲಸದ ಹಿಂದೆ ಇಂಗ್ಲೆಂಡಿಗೋ ಜರ್ಮನಿಗೋ ಅಮೆರಿಕಕ್ಕೋ ಹೊರಟ ಹೆಣ್ಣುಮಕ್ಕಳಿಗೆ ಊರವರು ಹೇಳುವುದು ಒಂದೇ ಮಾತು: "ಸ್ವಲ್ಪ ದಿನ ಹೊಂದ್ಕೊಂಡು ಹೋಗು ಮಾರಾಯ್ತಿ, ಎಲ್ಲ ಸರಿ ಆಗ್ತದೆ." ಈ ಮಾತಲ್ಲಿ ಲೆಕ್ಕ ತಪ್ಪಿದೆ. ಊರಲ್ಲಿ ಒಂದು ಮಗು ಬೆಳೆಸಲಿಕ್ಕೆ ಅತ್ತೆ, ಪಕ್ಕದ ಮನೆ ಅಕ್ಕ, ಪಾತ್ರೆ ತೊಳೆಯಲು ಬರುವವಳು, ಶಾಲೆ ವ್ಯಾನಿನ ಡ್ರೈವರು ಇಷ್ಟೂ ಜನ ಕೈ ಹಾಕಿರ್ತಾರೆ. ಅಲ್ಲಿ ಹೋದ ಮೇಲೆ ಅಷ್ಟೂ ಜನರ ಕೆಲಸ ಒಬ್ಬಳ ತಲೆಗೆ. ಎಷ್ಟು ಹೊಂದಿಕೊಂಡರೂ ದಿನಕ್ಕೆ 24 ಗಂಟೆಯೇ.

ಮುಂಚೆಯೇ ತಯಾರಿ ಮಾಡುವುದು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಟ್ಟಿ, ಹಪ್ಪಳ ಸಂಡಿಗೆ ಡಬ್ಬಕ್ಕೆ ತುಂಬಿ, ಅಪ್ಪೆಮಿಡಿ ಭರಣಿಗೆ ಹಾಕಿ ಕೂರುವವರು ನಾವು. ಆಗುಂಬೆ ಮಳೆ ಕಂಡವರಿಗೆ ಚಳಿ ಯಾವ ಲೆಕ್ಕ ಅಂತ ಹೊರಡುತ್ತಾರೆ. ಚಳಿಗೆ ಜಾಕೆಟ್ಟಿದೆ, ಸುಸ್ತು ಮಾಡುವುದು ಕತ್ತಲು. ಲಂಡನ್ನು, ಬರ್ಲಿನ್ನಿನಲ್ಲಿ ಡಿಸೆಂಬರಿನಲ್ಲಿ ಸಂಜೆ 4ರೊಳಗೆ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಸುಮಾರು 8ರ ತನಕ ಏಳುವುದಿಲ್ಲ. ಅಲ್ಲಿನ ಚಳಿಗಾಲದ ಬಿಸಿಲಿಂದ ಮೈಗೆ ವಿಟಮಿನ್ ಡಿ ಹುಟ್ಟುವುದಿಲ್ಲ, ಕಪ್ಪು ಚರ್ಮದವರಿಗೆ ಕೊರತೆ ಇನ್ನೂ ಬೇಗ. ಇಂಗ್ಲೆಂಡಿನಲ್ಲಿ ಸರ್ಕಾರವೇ ಶರತ್ಕಾಲ, ಚಳಿಗಾಲದಲ್ಲಿ ಎಲ್ಲರಿಗೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ತಗೊಳ್ಳಿ ಅನ್ನುತ್ತದೆ. ನಮ್ಮ ಮೆಡಿಕಲ್ ಶಾಪಲ್ಲಿ ಸಿಗುವ 60,000 ಯೂನಿಟ್ಟಿನ ಸ್ಯಾಶೆಯನ್ನು ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದು ಅಂತ ಬರೆಯುತ್ತಾರೆ. ಅದನ್ನು ದಿನದ ಮಾತ್ರೆಯೆಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹೊಸ ತಾಪತ್ರಯ. ಮೋಡ ಇದ್ದರೂ ಬೆಳಗಿನ ಹೊತ್ತು ಅರ್ಧ ಗಂಟೆ ಹೊರಗೆ ನಡೆಯಿರಿ. ಅದು ವಿಟಮಿನ್ನಿಗಲ್ಲ, ರಾತ್ರಿ ನಿದ್ದೆ ಬರಲಿಕ್ಕೆ.

ಹೊರಡಲು ಮೂರು ತಿಂಗಳಿದೆ ಅನ್ನುವಾಗಲೇ ಶಿವಮೊಗ್ಗದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಮಕ್ಕಳ ರಿಪೋರ್ಟೆಲ್ಲ ಫೈಲಾಗಿರುತ್ತದೆ, ಅಮ್ಮನದು ಒಂದೂ ಇರುವುದಿಲ್ಲ. ಹಲ್ಲಿನ ಕೆಲಸ ಇಲ್ಲೇ ಮುಗಿಸಿ, ರೂಟ್ ಕೆನಾಲಿಗೆ ಎರಡು ಮೂರು ಸಲ ಕೂರಬೇಕಾಗುತ್ತದೆ, ಕೊನೆ ವಾರಕ್ಕೆ ಇಟ್ಟುಕೊಂಡರೆ ಆಗುವ ಹೋಗುವ ಮಾತಲ್ಲ. ಕನ್ನಡಕ ಎರಡು ಜೊತೆ. ದಿನದ ಮಾತ್ರೆಗಳಿದ್ದರೆ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆದ ಚೀಟಿ ಇರಲಿ, ಅಲ್ಲಿ ನಮ್ಮ ಬ್ರ್ಯಾಂಡು ಯಾರಿಗೂ ಗೊತ್ತಿಲ್ಲ. ಮಕ್ಕಳಿಗೆ ಹಾಕಿಸಿದ ಲಸಿಕೆ ಬರೆದಿರುವ ತಾಯಿ ಕಾರ್ಡ್ ಮರೀಬೇಡಿ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ದಡಾರ, ರುಬೆಲ್ಲಾ ಇದೆ. ಮಂಗನಬಾವು, ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಇಲ್ಲ. ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಇವೆರಡನ್ನೂ ಕೇಳುತ್ತವೆ, ಡೋಸುಗಳ ನಡುವೆ ಅಂತರವೂ ಬೇಕು.

ಪ್ಯಾಕಿಂಗ್ ವಿಚಾರದಲ್ಲಿ ಅಜ್ಜಿಯಂದಿರ ಮಾತು ಪೂರ್ತಿ ಕೇಳಬೇಡಿ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಮನೆ ತುಪ್ಪವೂ ಅದರಲ್ಲೇ ಬಂತು. ಅಮೆರಿಕಕ್ಕೆ ಹಸಿ ಕರಿಬೇವು ಇಲ್ಲ. 230 ವೋಲ್ಟಿನ ಮಿಕ್ಸಿ ಅಮೆರಿಕದ 120 ವೋಲ್ಟಿಗೆ ಕೊರಗುತ್ತ ತಿರುಗುತ್ತದೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟ್ ಬದಲಿಸುವುದಿಲ್ಲ. ಗಾಂಧಿ ಬಜಾರಿನ ಸ್ವೆಟರಿಗೆ ಸುರಿಯುವ ದುಡ್ಡು ಅಲ್ಲಿ ಹೋಗಿ ನೀರು ಹಿಡಿಯದ, ಜಾರದ ಒಂದು ಜೊತೆ ಶೂಗೆ ಹಾಕಿ.

ಈಗ ಬಚ್ಚಲಿಗೆ ಬರೋಣ. ಹಂಡೆ ತುಂಬ ಬಿಸಿನೀರು ಹುಯ್ದುಕೊಂಡ ಮೈಗೆ ಶವರಿನ ನೀರು ಸ್ನಾನ ಅನ್ನಿಸುವುದೇ ಇಲ್ಲ. ವಾರಕ್ಕೊಮ್ಮೆ ಎಣ್ಣೆಸ್ನಾನ ಬಿಡಬೇಡಿ, ಆದರೆ ಅಲ್ಲಿನ ಬಾತ್‌ರೂಮ್ ತಿಳಿದುಕೊಂಡು ಮಾಡಿ. ಅನೇಕ ಮನೆಗಳಲ್ಲಿ ನೆಲಕ್ಕೆ ನೀರು ಹೋಗುವ ತೂಬೇ ಇರುವುದಿಲ್ಲ. ಟಬ್ಬಿನ ಹೊರಗೆ ಚೆಂಬಿನಲ್ಲಿ ಹುಯ್ದುಕೊಂಡರೆ ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ, ರಿಪೇರಿ ಬಿಲ್ಲು ನಿಮ್ಮ ಮನೆಗೆ ಬರುತ್ತದೆ. ಟಬ್ಬಿನೊಳಗೆ ರಬ್ಬರ್ ಮ್ಯಾಟ್ ಹಾಸಿ, ಜಾರದ ಪ್ಲಾಸ್ಟಿಕ್ ಸ್ಟೂಲಿಟ್ಟು, ಬಕೆಟ್ಟು ಚೆಂಬು ಒಳಗೇ ತಗೊಂಡು ಕೂರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಪೈಪಿನಲ್ಲೂ ಅಷ್ಟೇ. ಎಣ್ಣೆ ಕಡಿಮೆ ಹಚ್ಚಿ, ಸೀಗೆಪುಡಿ ಪೈಪಿಗೆ ಇಳಿಯದಂತೆ ಜಾಲರಿ ಇಡಿ, ಕೊನೆಗೆ ಎರಡು ಬಕೆಟ್ ಬಿಸಿನೀರು ಸುರಿಯಿರಿ. ಆ ಒಂದು ಗಂಟೆ ಬಾಗಿಲ ಚಿಲಕ ಹಾಕಿರಲಿ, ಮಕ್ಕಳು ಬಡಿದರೆ ಅಪ್ಪ ಎದ್ದು ಹೋಗಲಿ.

ಹೊಂದಾಣಿಕೆಯ ಹೆಚ್ಚಿನ ಪಾಲು ಹೀಗೆ ಕೆಲಸ ಹಂಚಿಕೊಳ್ಳುವುದರಲ್ಲೇ ಇದೆ. "ಏನಾದ್ರೂ ಬೇಕಿದ್ರೆ ಹೇಳು" ಅನ್ನುವ ಗಂಡ ಬರೀ ಸಹಾಯಕ. ಹಾಗಂದರೆ ಏನು ಬೇಕು ಅಂತ ಯೋಚಿಸುವ ಕೆಲಸ ಹೆಂಡತಿಯ ಹತ್ತಿರವೇ ಉಳಿಯಿತು. ಇಡೀ ಕೆಲಸವೇ ಕೈ ಬದಲಾಗಬೇಕು: ರಾತ್ರಿ ಪಾತ್ರೆ, ಮಕ್ಕಳ ಮಲಗಿಸುವಿಕೆ, ಶಾಲೆಯಿಂದ ಬರುವ ಇಮೇಲಿಗೆ ಉತ್ತರ, ಶನಿವಾರ ಬೆಳಿಗ್ಗೆ ನಾಲ್ಕು ತಾಸು ಮಕ್ಕಳ ಉಸ್ತುವಾರಿ. ದೋಸೆ ಹಿಟ್ಟೂ ಸೇರಲಿ. ಚಳಿಯಲ್ಲಿ ಹುದುಗದಿದ್ದರೆ ಓವನ್ ಆರಿಸಿಟ್ಟು, ಒಳಗಿನ ದೀಪ ಮಾತ್ರ ಹಚ್ಚಿ ರಾತ್ರಿಯಿಡೀ ಇಡುವುದು. ಬಾಗಿಲಿಗೆ "ಒಳಗೆ ಹಿಟ್ಟಿದೆ" ಅಂತ ಚೀಟಿ ಅಂಟಿಸದಿದ್ದರೆ ಯಾರಾದರೂ ಓವನ್ ಉರಿಸುತ್ತಾರೆ.

ಹೆಂಡತಿಯ ಹೆಸರಲ್ಲೂ ಬ್ಯಾಂಕ್ ಖಾತೆ ಇರಲಿ, ಪಾಸ್‌ಪೋರ್ಟ್ ಅವಳ ಕೈಗೆಟುಕುವಲ್ಲಿರಲಿ. ಕೆಲಸಕ್ಕೆ ಹೋದವರ ಸಂಗಾತಿಗೆ ಅಮೆರಿಕ ಕೊಡುವ ಎಚ್-4 ವೀಸಾದಲ್ಲಿ ಬೇರೆ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ, ಜರ್ಮನಿಯಲ್ಲಿ ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಇರುವವರ ಸಂಗಾತಿ ದುಡಿಯಬಹುದು. ಇದನ್ನು ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಇಂಗ್ಲೆಂಡಿನಲ್ಲಿ 12 ತಿಂಗಳು, ಜರ್ಮನಿಯಲ್ಲಿ 6 ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಅಲ್ಲಿನದಕ್ಕೆ ಓಡಾಡಬೇಕು.

ಮಕ್ಕಳು ಹೊಸ ಶಾಲೆಯಲ್ಲಿ ಕೆಲವು ತಿಂಗಳು ಬಾಯಿ ಬಿಡದೆ ಇರಬಹುದು, ಕಿವಿ ಕೆಲಸ ಮಾಡ್ತಿರುತ್ತದೆ. ಅದಕ್ಕೆ ಹೆದರಿ ಮನೆಯಲ್ಲಿ ಇಂಗ್ಲಿಷ್ ಶುರುಮಾಡಬೇಡಿ. ಆದರೆ ಅಮ್ಮನಿಗೆ ಎರಡು ವಾರ ಮೀರಿ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಅದನ್ನು ಊರ ನೆನಪು ಅನ್ನದೆ ಡಾಕ್ಟರ ಹತ್ತಿರ ಹೋಗಿ.

ಊರಿಗೆ ಫೋನು ದಿನವಿಡೀ ಬೇಡ, ಹೊತ್ತು ಗೊತ್ತುಮಾಡಿ. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಲ್ಲಿ ಗಡಿಯಾರ ಬದಲಾದ ವಾರ ಊರಲ್ಲಿರುವ ಅಮ್ಮ ಒಂದು ಗಂಟೆ ಸುಮ್ಮನೆ ಫೋನ್ ಹಿಡಿದು ಕೂತಿರುತ್ತಾರೆ, ಮೊದಲೇ ಹೇಳಿ. ಜುಲೈ ಮಳೆಗೆ ಊರಲ್ಲಿ ಕರೆಂಟು ಹೋಗಿ ಟವರ್ ಸತ್ತರೆ ಎರಡು ದಿನ ಫೋನ್ ಸಿಗದಿರಬಹುದು. ಬೇರೆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರ ನಂಬರೊಂದು, ಪೇಟೆ ಅಂಗಡಿಯವರದೊಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ.