ಸಿಡುಬು ‘ಅಷ್ಟೇನೂ ದೊಡ್ಡದಲ್ಲ’ ಅನ್ನೋರಿಗೆ

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಚೆನ್ನಾಗಿ ಓದಿದೋರೇ ಒಬ್ಬರು "ಸಿಡುಬು ಬಂದ್ರೆ ನೂರಕ್ಕೆ ಒಬ್ಬರು ಸಾಯ್ತಿದ್ರು ಅಷ್ಟೇ, ಸುಮ್ನೆ ಹೆದರಿಸಿ ಲಸಿಕೆ ಚುಚ್ಚಿದ್ರು" ಅಂತ ಫಾರ್ವರ್ಡ್ ಮಾಡಿದಾರೆ, ಕೆಳಗೆ ಸಾಲಾಗಿ ಥಂಬ್ಸ್ ಅಪ್. ನಾನು ವೈರಸ್ ಬಗ್ಗೆ ಪಾಠ ಮಾಡೋಳು ಅಂತ ನಿಮಗೆಲ್ಲ ಗೊತ್ತು, ಇದನ್ನ ನೋಡ್ಕೊಂಡು ಸುಮ್ನಿರೋಕೆ ನನ್ನ ಕೈಲಿ ಆಗಲ್ಲ.

ಸಿಡುಬು ತರೋ ವೈರಸ್ ಹೆಸರು ವೇರಿಯೋಲಾ, ಅದರಲ್ಲಿ ಎರಡು ಬಗೆ. ಆ ನೂರಕ್ಕೆ ಒಂದು ಅನ್ನೋ ಲೆಕ್ಕ ಹಗುರವಾದ ವೇರಿಯೋಲಾ ಮೈನರ್‌ದು, ಅಲಾಸ್ಟ್ರಿಮ್ ಅಂತಾರಲ್ಲ, ಅದು. ಇನ್ನೊಂದು ಬಗೆ, ವೇರಿಯೋಲಾ ಮೇಜರ್ ಆದ್ರೆ ಲಸಿಕೆ ಇಲ್ದೋರಲ್ಲಿ ನೂರಕ್ಕೆ ಸುಮಾರು 30 ಜನ ಹೋಗ್ತಿದ್ರು. ಎರಡರಲ್ಲೂ ಮೊದಲು ಜ್ವರ, ತಲೆನೋವು, ಬೆನ್ನುನೋವು, ಆಮೇಲೆ ಮುಖ ಕೈಕಾಲಿಗೆ ದದ್ದು. ಮೈನರ್‌ನಲ್ಲಿ ಗುಳ್ಳೆ ಚಿಕ್ಕವು, ರೋಗಿ ಎದ್ದು ಓಡಾಡ್ತಿದ್ದ. ಮೇಜರ್‌ನಲ್ಲಿ ಕೀವು ತುಂಬಿದ ಗುಳ್ಳೆ ಚರ್ಮದೊಳಗೆ ಹೂತ ಕಾಳಿನ ಹಾಗೆ ಕೈಗೆ ಗಟ್ಟಿಯಾಗಿ ಸಿಗೋದು, ಮುಖದ ಮೇಲೆ ಒಂದಕ್ಕೊಂದು ಕೂಡ್ಕೊಂಡುಬಿಡೋದು, ಬದುಕಿದೋರಿಗೂ ಕುಳಿ ಉಳೀತಿತ್ತು, ಕೆಲವರ ಕಣ್ಣೇ ಹೋಗ್ತಿತ್ತು. ಇನ್ನು ರಕ್ತಸ್ರಾವದ ಸಿಡುಬು ಅಂತ ಒಂದಿತ್ತು, ಗುಳ್ಳೆ ಸರಿಯಾಗಿ ಏಳೋಕೂ ಮುಂಚೆ ಚರ್ಮದಡಿ, ಒಸಡಲ್ಲಿ, ಕಣ್ಣಲ್ಲಿ ರಕ್ತ ಬಂದು ಕೆಲವೇ ದಿನದಲ್ಲಿ ಸಾವು. ಗರ್ಭಿಣಿಯರಿಗೆ ಇದು ಹೆಚ್ಚಾಗಿ ಬರ್ತಿತ್ತು. ಇದಕ್ಕೆ ‘ಅಷ್ಟೇ’ ಅಂತ ಬರೆಯೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?

ಮೇಜರ್ ಬಂದೂ ಎಷ್ಟೋ ಜನಕ್ಕೆ ಹಗುರವಾಗೇ ಹೋಗ್ತಿತ್ತಲ್ಲ ಅಂತ ಒಬ್ಬರು ವಾದ ಮಾಡಿದ್ರು. ಹೌದು, ಹೋಗ್ತಿತ್ತು, ಹೆಚ್ಚಾಗಿ ಹಿಂದೆ ಯಾವಾಗಲೋ ಲಸಿಕೆ ಹಾಕಿಸ್ಕೊಂಡಿದ್ದೋರಿಗೆ! ಲಸಿಕೆ ಕಾಪಾಡಿದ್ದನ್ನೇ ತೋರಿಸಿ ಲಸಿಕೆ ಬೇಡವಾಗಿತ್ತು ಅಂದ್ರೆ ನನಗೆ ಸಿಟ್ಟು ಬರದೇ ಇರುತ್ತಾ. ಆ ಹಗುರ ರೋಗಿಯಿಂದ ಲಸಿಕೆ ಇಲ್ಲದ ಮಗುವಿಗೆ ಹತ್ತಿದ್ರೆ ಮಗುವಿಗೆ ಹಗುರವಾಗೇ ಬರಬೇಕು ಅಂತೇನೂ ಇರಲಿಲ್ಲ, ವೈರಸ್ ಅದೇ ಮೇಜರ್.

ಮೈನರ್ ಅನ್ನೂ ಆ ಕಾಲದ ಆರೋಗ್ಯ ಕಾರ್ಯಕರ್ತರು ಹಾಗೇ ಬಿಡಲಿಲ್ಲ. ಸಹಜವಾಗಿ ಮೇಜರ್ ಬಂದ ಕೊನೆಯವಳು 1975ರಲ್ಲಿ ಬಾಂಗ್ಲಾದೇಶದ ಪುಟ್ಟ ಹುಡುಗಿ ರಹೀಮಾ ಬಾನು, ಮೈನರ್ ಬಂದ ಕೊನೆಯವರು 1977ರಲ್ಲಿ ಸೊಮಾಲಿಯಾದ ಮೆರ್ಕಾ ಊರಿನ ಆಸ್ಪತ್ರೆ ಅಡುಗೆಯವರು ಅಲಿ ಮಾವ್ ಮಾಲಿನ್. ಸಿಡುಬಿನ ಇಬ್ಬರು ಮಕ್ಕಳಿದ್ದ ಗಾಡಿಯಲ್ಲಿ ದಾರಿ ತೋರಿಸೋಕೆ ಅಂತ ಸ್ವಲ್ಪ ಹೊತ್ತು ಕೂತಿದ್ದಷ್ಟೇ, ಹತ್ತಿಬಿಡ್ತು. ಮೊದಲು ಮಲೇರಿಯಾ ಅಂದ್ರು, ಆಮೇಲೆ ಚಿಕನ್ ಪಾಕ್ಸ್ ಅಂದ್ರು. ಸಿಡುಬು ಅಂತ ಗೊತ್ತಾದ ಮೇಲೆ ಅವರ ಹತ್ರ ಸುಳಿದವರನ್ನೆಲ್ಲ ಹುಡುಕಿ, ಊರಿನ ಸಾವಿರಾರು ಜನಕ್ಕೆ ಲಸಿಕೆ ಹಾಕಿದ್ರು. ಅವರಿಂದ ಒಬ್ಬರಿಗೂ ಹತ್ತಲಿಲ್ಲ.