ಇಪ್ಪತ್ತು ಮಕ್ಕಳ ತಂದೆ ಬಾಖ್

ನಮ್ಮ ಮಗಳು ಕೀಬೋರ್ಡ್ ಕಲಿಯಲು ಆರಂಭಿಸಿದ ಮೂರನೆಯ ತಿಂಗಳಿಗೆ ಅವಳ ಮೇಷ್ಟ್ರು ಕೊಟ್ಟ ಪಾಠವೊಂದರ ಮೇಲೆ ಜರ್ಮನಿಯ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಹೆಸರಿತ್ತು. ಕೀಬೋರ್ಡ್ ಕಲಿತವರೆಲ್ಲರೂ ಒಮ್ಮೆಯಾದರೂ ನುಡಿಸಿರುವ ಆ ಪುಟ್ಟ ಮಿನುಯೆಟ್ (ಒಂದು ಬಗೆಯ ನೃತ್ಯಸಂಗೀತ) ವಾಸ್ತವವಾಗಿ ಬಾಖ್‌ನದಲ್ಲ, ಕ್ರಿಸ್ಟಿಯಾನ್ ಪೆಟ್ಜೋಲ್ಡ್ ಎಂಬಾತನದು. ಬಾಖ್‌ನ ಹೆಂಡತಿ ಅನ್ನಾ ಮಗ್ದಲೇನಾ 1725ರಲ್ಲಿ ತೊಡಗಿದ ಮನೆಯ ಸಂಗೀತಪುಸ್ತಕದಲ್ಲಿ ಅದು ಇದ್ದುದರಿಂದ ಲೋಕವೆಲ್ಲ ಬಹುಕಾಲ ಅದನ್ನು ಆತನದೆಂದೇ ನಂಬಿತ್ತು. ಆ ಪುಸ್ತಕದ ಬೆನ್ನು ಹತ್ತಿ ಹೋದ ನನಗೆ ಮಹಾಸಂಗೀತಗಾರನಿಗಿಂತ ಮೊದಲು ಸಿಕ್ಕಿದವನು ಒಬ್ಬ ಸಂಸಾರಿ. 1750ರ ಜುಲೈ 28ರಂದು ಲೈಪ್‌ಜಿಗ್‌ನಲ್ಲಿ ತೀರಿಕೊಂಡ ಆ ಸಂಸಾರಿಯನ್ನು ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಭಕ್ತ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅರಮನೆ ತೊರೆದು ನಡೆದ ಅಕ್ಕಮಹಾದೇವಿ, ಅಥವಾ ಸಂಪತ್ತನ್ನೆಲ್ಲ ದಾನಮಾಡಿ ತಂಬೂರಿ ಹಿಡಿದು ಹೊರಟ ಪುರಂದರದಾಸರು. ಬಾಖ್ ಏನನ್ನೂ ತೊರೆದವನಲ್ಲ. ಸಂಬಳ, ಸೌದೆ, ಮನೆಯ ಖರ್ಚು ಎಲ್ಲದರ ಲೆಕ್ಕ ಇಟ್ಟವನು. ಲೈಪ್‌ಜಿಗ್‌ನ ಚರ್ಚುಗಳ ಸಂಗೀತದ ಹೊಣೆ ಹೊತ್ತಿದ್ದ ಆತ 1730ರಲ್ಲಿ ಬಾಲ್ಯದ ಗೆಳೆಯ ಎರ್ಡ್‌ಮನ್‌ನಿಗೆ ಬರೆದ ಪತ್ರದಲ್ಲಿ, ಊರಿನಲ್ಲಿ ಒಳ್ಳೆಯ ಗಾಳಿ ಬೀಸಿ ಜನ ಆರೋಗ್ಯದಿಂದ ಇದ್ದುದರಿಂದ ಕಳೆದ ವರ್ಷ ಶವಸಂಸ್ಕಾರದ ಹಾಡುಗಾರಿಕೆಯಿಂದ ಬರಬೇಕಿದ್ದ 100ಕ್ಕೂ ಹೆಚ್ಚು ಥಾಲರ್ (ಅಂದಿನ ಬೆಳ್ಳಿನಾಣ್ಯ) ಕೈತಪ್ಪಿತೆಂದು ಸಂಕೋಚವಿಲ್ಲದೆ ದೂರುತ್ತಾನೆ. (ಓದಿದಾಗ ನಗು ಬರುತ್ತದೆ, ತಿಂಗಳ ಕೊನೆಯ ವಾರ ಬಲ್ಲವರಿಗೆ ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.) ಅದೇ ಪತ್ರದ ಕೊನೆಯಲ್ಲಿ ಆತನ ದನಿ ಬದಲಾಗುತ್ತದೆ. ತನ್ನ ಮಕ್ಕಳೆಲ್ಲರೂ ಹುಟ್ಟಾ ಸಂಗೀತಗಾರರು, ಮನೆಯವರನ್ನೇ ಸೇರಿಸಿ ಒಂದು ಕಛೇರಿ ನಡೆಸಬಲ್ಲೆ, ಹೆಂಡತಿಯ ಕಂಠ ಸೊಗಸಾಗಿದೆ, ಹಿರಿಯ ಮಗಳೂ ಪರವಾಗಿಲ್ಲ ಎನ್ನುವಂತೆ ದನಿಗೂಡಿಸುತ್ತಾಳೆ ಎಂದು ಬರೆಯುತ್ತಾನೆ.

ಆ ಮನೆಯಲ್ಲಿ ಹಾಡಿನಷ್ಟೇ ಸಾವೂ ಇತ್ತು. ಹತ್ತನೆಯ ವಯಸ್ಸು ತುಂಬುವ ಮೊದಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಅಣ್ಣನ ಆಶ್ರಯದಲ್ಲಿ ಬೆಳೆದ ಹುಡುಗ ಬಾಖ್. 1720ರ ಜನವರಿಯಲ್ಲಿ ಒಂಬತ್ತು ವರ್ಷದ ಹಿರಿಮಗ ಫ್ರೀಡೆಮನ್‌ನಿಗಾಗಿ ಒಂದು ಅಭ್ಯಾಸದ ಪುಸ್ತಕವನ್ನು ತೊಡಗಿ, ಯಾವ ಸ್ವರಕ್ಕೆ ಯಾವ ಬೆರಳು ಎಂದು ತೋರಿಸುವ ಪುಟ್ಟ ಪಾಠದ ತಲೆಯ ಮೇಲೂ ‘ಯೇಸುವಿನ ಹೆಸರಿನಲ್ಲಿ’ ಎಂಬುದಕ್ಕೆ ಸಂಕೇತವಾದ ಮೂರು ಲ್ಯಾಟಿನ್ ಅಕ್ಷರಗಳನ್ನು ಬರೆದನು. ಅದೇ ವರ್ಷದ ಬೇಸಿಗೆಯಲ್ಲಿ, ಆಗ ತಾನು ಸೇವೆಯಲ್ಲಿದ್ದ ಕೋಥೆನ್‌ನ ರಾಜಕುಮಾರನ ಜೊತೆ ಕಾರ್ಲ್ಸ್‌ಬಾದ್‌ಗೆ ಹೋಗಿ ಮನೆಗೆ ಮರಳಿದಾಗ, ಹೊರಡುವಾಗ ಆರೋಗ್ಯದಿಂದಿದ್ದ ಮೊದಲ ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡು ಮಣ್ಣೂ ಆಗಿತ್ತು. ಹೊಸ್ತಿಲು ದಾಟುವವರೆಗೆ ಆತನಿಗೆ ಸುದ್ದಿಯೇ ತಿಳಿದಿರಲಿಲ್ಲ. ತಾಯಿಯಿಲ್ಲದ ನಾಲ್ಕು ಮಕ್ಕಳಿದ್ದ ಆ ಮನೆಗೆ 1721ರ ಡಿಸೆಂಬರಿನಲ್ಲಿ ಗಾಯಕಿ ಅನ್ನಾ ಮಗ್ದಲೇನಾ ಮದುವೆಯಾಗಿ ಬಂದಳು. ಅವಳಿಗೆ ಹದಿಮೂರು ಮಕ್ಕಳಾದವು, ಅವರಲ್ಲಿ ಏಳು ಎಳವೆಯಲ್ಲೇ ತೀರಿಕೊಂಡವು. ಎರಡೂ ಸಂಸಾರಗಳ ಇಪ್ಪತ್ತು ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಹತ್ತು ಜನ ಮಾತ್ರ.

ಇಷ್ಟು ಸಲ ಸ್ಮಶಾನಕ್ಕೆ ಹೋಗಿ ಬಂದವನ ಶ್ರದ್ಧೆ ಎಂಥದಾಗಿರಬಹುದೆಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಆತನ ಬೈಬಲಿನ ಅಂಚಿನಲ್ಲಿದೆ. ಕಾಲೋವ್ ಎಂಬ ಪಂಡಿತನ ವ್ಯಾಖ್ಯಾನವಿರುವ ಮೂರು ಸಂಪುಟಗಳ ಆ ಬೈಬಲಿನಲ್ಲಿ ಬಾಖ್ 1733 ಎಂಬ ಇಸವಿಯೊಂದಿಗೆ ಸಹಿ ಹಾಕಿದ್ದಾನೆ, ಅಚ್ಚಿನ ತಪ್ಪುಗಳನ್ನು ತಿದ್ದಿದ್ದಾನೆ, ಗೆರೆ ಎಳೆದಿದ್ದಾನೆ. ಸೊಲೊಮೋನನ ದೇವಾಲಯದಲ್ಲಿ ತುತೂರಿಯವರೂ ಗಾಯಕರೂ ಒಂದೇ ದನಿಯಾದಾಗ ಮೇಘವು ಆಲಯವನ್ನು ತುಂಬಿತೆಂದು ಎರಡನೆಯ ಪೂರ್ವಕಾಲವೃತ್ತಾಂತದಲ್ಲಿ ಹೇಳುವ ಕಡೆ, ಭಕ್ತಿಯಿಂದ ಮಾಡಿದ ಸಂಗೀತದಲ್ಲಿ ದೇವರು ತನ್ನ ಕೃಪೆಯೊಡನೆ ಸದಾ ಇರುತ್ತಾನೆ ಎಂಬ ಅರ್ಥದ ಮಾತನ್ನು ತನ್ನ ಕೈಯಿಂದಲೇ ಬರೆದಿದ್ದಾನೆ. ಅನೇಕ ಕೃತಿಗಳ ಕೊನೆಗೆ ಆತ ಹಾಕುತ್ತಿದ್ದ, ‘ಮಹಿಮೆಯು ದೇವರೊಬ್ಬನಿಗೇ’ ಎಂಬ ಅರ್ಥದ ಮೂರಕ್ಷರಗಳನ್ನು ಕಂಡಾಗ ದಾಸರ ಅಂಕಿತ ನೆನಪಾಗುತ್ತದೆ. ದಾಸರ ಅಂಕಿತ ಹಾಡಿನೊಳಗೇ ಇದ್ದು ಕೇಳುಗರ ಕಿವಿಗೆ ಬೀಳುತ್ತದೆ; ಬಾಖ್‌ನದು ಹಾಳೆಯ ಮೇಲೇ ಉಳಿದು, ಬರೆದವನಿಗೂ ನಕಲು ಮಾಡುವವರಿಗೂ ಮಾತ್ರ ಕಾಣುತ್ತಿತ್ತು.

ಆದರೂ ಆತನನ್ನು ಸದಾ ಶಾಂತಚಿತ್ತನಾದ ಭಕ್ತನೆಂದು ಚಿತ್ರಿಸುವುದನ್ನು ನಾನು ಒಪ್ಪಲಾರೆ. ವೈಮಾರ್‌ನ ಆಸ್ಥಾನದ ಕೆಲಸ ಬಿಡಲು ಹಟ ಹಿಡಿದು 1717ರಲ್ಲಿ ಅಲ್ಲಿನ ಸೆರೆಯಲ್ಲಿ ಸುಮಾರು ನಾಲ್ಕು ವಾರ ಕಳೆದವನು, ಲೈಪ್‌ಜಿಗ್‌ನ ನಗರಸಭೆಯೊಂದಿಗೆ ವರ್ಷಗಟ್ಟಲೆ ಜಗಳವಾಡಿದವನು ಆತ. ನನ್ನನ್ನು ಹೆಚ್ಚು ಕಾಡುವುದು 1738ರ ಒಂದು ಪತ್ರ. ಬದುಕುಳಿದ ಗಂಡುಮಕ್ಕಳಲ್ಲಿ ಮೂರನೆಯವನಾದ ಬರ್ನ್‌ಹಾರ್ಡ್ ಜಾಂಗರ್‌ಹೌಸನ್ ಎಂಬ ಊರಿನಲ್ಲಿ ಸಾಲಮಾಡಿ ಯಾರಿಗೂ ಹೇಳದೆ ಓಡಿಹೋಗಿದ್ದ. ಹಿಂದೊಮ್ಮೆ ಇನ್ನೊಂದು ಊರಿನಲ್ಲಿ ಅವನ ಸಾಲ ತೀರಿಸಿದ್ದ ತಂದೆ ಈ ಸಲ, ತನ್ನ ಶಿಲುಬೆಯನ್ನು ತಾಳ್ಮೆಯಿಂದ ಹೊರಬೇಕಷ್ಟೆ, ದಾರಿತಪ್ಪಿದ ಮಗನನ್ನು ದೇವರ ಕರುಣೆಗೇ ಬಿಡುತ್ತೇನೆ ಎಂದು ಬರೆಯುತ್ತಾನೆ. ಮರುವರ್ಷ ಆ ಮಗ ಯೇನಾದಲ್ಲಿ ಜ್ವರದಿಂದ 24ನೆಯ ವಯಸ್ಸಿನಲ್ಲೇ ತೀರಿಕೊಂಡ. ಯೇಸುವಿನ ಯಾತನೆ, ಮರಣಗಳನ್ನು ಹಾಡುವ ಬಾಖ್‌ನ ‘ಮತ್ತಾಯನ ಪ್ಯಾಶನ್’ ಕೇಳುವಾಗ ಆತನ ಭಕ್ತಿಯ ಮುಂದೆ ತಲೆಬಾಗುತ್ತೇನೆ, ನಿಜ; ಆದರೆ ಅದರ ತೂಕ ಎಷ್ಟೆಂದು ನನಗೆ ತಿಳಿದದ್ದು ಸೋತ ತಂದೆಯೊಬ್ಬನ ಈ ಪತ್ರದಿಂದ.

ಇನ್ನೊಬ್ಬ ಮಗ ಹೈನ್‌ರಿಖ್. ಸಂಗೀತದಲ್ಲಿ ಅಪಾರ ಪ್ರತಿಭೆ ಇದ್ದರೂ ಬುದ್ಧಿ ಪೂರ್ಣವಾಗಿ ಬೆಳೆಯದೆ, ಸ್ವತಂತ್ರವಾಗಿ ಬಾಳಲಾಗದೆ ಮನೆಯಲ್ಲೇ ಉಳಿದವನು. ತಂದೆ ಇರುವವರೆಗೆ ತಂದೆಯ ಮನೆ ಅವನನ್ನು ಸಾಕಿತು. ಅನಂತರ ಅಕ್ಕರೆಯ ತಂಗಿ ಎಲಿಸಬೆತ್‌ಳ ಸಂಸಾರ ನೌಂಬುರ್ಗ್‌ನಲ್ಲಿ ಅವನಿಗೆ ನೆಲೆಯಾಯಿತು.

ಬಾಖ್ ಉಯಿಲು ಬರೆದಿರಲಿಲ್ಲ. ಇದ್ದ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ, ಉಳಿದದ್ದು ಒಂಬತ್ತು ಮಕ್ಕಳಿಗೆ ಹಂಚಿಹೋಯಿತು. ಗಂಡನ ಹಸ್ತಪ್ರತಿಗಳನ್ನು ತನ್ನದೇ ಅಂದವಾದ ಅಕ್ಷರಗಳಲ್ಲಿ ನಕಲು ಮಾಡಿದ್ದ ಅನ್ನಾ ಮಗ್ದಲೇನಾ, ಹೆಸರುವಾಸಿಯಾದ ಗಂಡುಮಕ್ಕಳಿದ್ದೂ, 1760ರಲ್ಲಿ ಊರಿನ ದಾನಧರ್ಮದ ನೆರವಿನಲ್ಲಿ ಬದುಕುವ ಬಡವಿಯಾಗಿ ತೀರಿಕೊಂಡಳು. ಇಲ್ಲಿ ನಾನು ಆ ಮಕ್ಕಳನ್ನು ಸುಲಭವಾಗಿ ಕ್ಷಮಿಸಲಾರೆ. ತಂದೆ ತೀರಿಕೊಂಡಾಗ ಎಂಟು ವರ್ಷದವಳಾಗಿದ್ದ ಕೊನೆಯ ಮಗಳು ರೆಗೀನಾ ಸುಸಾನಾ ಮದುವೆಯಾಗದೆ, ಅದೇ ಲೈಪ್‌ಜಿಗ್‌ನಲ್ಲಿ ಬಡತನದಲ್ಲೇ ಮುದುಕಿಯಾದಳು. 1800ರಲ್ಲಿ ಅಲ್ಲಿನ ಸಂಗೀತಪತ್ರಿಕೆಯೊಂದರ ಸಂಪಾದಕ ಆಕೆಗಾಗಿ ಓದುಗರ ಮುಂದೆ ಕೈಚಾಚಿದನು; ವಿಯೆನ್ನಾದಲ್ಲಿದ್ದ ಸಂಗೀತಗಾರ ಬೀಥೋವನ್‌ ಕೂಡ ಆಕೆಗೆ ನೆರವಾಗಬೇಕೆಂದು ಮರುವರ್ಷ ಪ್ರಕಾಶಕರಿಗೆ ಬರೆದನು. ಇಪ್ಪತ್ತು ಮಕ್ಕಳಲ್ಲಿ ಕೊನೆಯವಳಾಗಿ ಹುಟ್ಟಿದ ಆಕೆ ಎಲ್ಲರನ್ನೂ ಕಳುಹಿಸಿಕೊಟ್ಟು, 1809ರ ಡಿಸೆಂಬರಿನಲ್ಲಿ ಕೊನೆಯವಳಾಗಿಯೇ ಹೋದಳು.